ಗೆದ್ದಲು ಹಿಡಿದ ಮನೆ

ಮುಂಗಾರಿನ ಮೊದಲ ಮಳೆ ಬಿದ್ದು ನೆಲ ತಣಿದ ಸಂಜೆ, ದೀಪದ ಸುತ್ತ ರೆಕ್ಕೆಯ ಹುಳುಗಳು ಗುಂಪುಗುಂಪಾಗಿ ಮುತ್ತುವುದನ್ನು ಎಲ್ಲರೂ ಕಂಡಿರುತ್ತಾರೆ. ಹಳ್ಳಿಯ ಜನ ಅವನ್ನು ಮಳೆಹುಳು ಎನ್ನುವರು. ಬೆಳಗಾಗುವಷ್ಟರಲ್ಲಿ ಜಗಲಿಯ ಮೇಲೆ ಉದುರಿದ ರೆಕ್ಕೆಗಳ ರಾಶಿ ಮಾತ್ರ ಉಳಿದಿರುತ್ತದೆ. ಮನೆಯವರು ಅದನ್ನು ಗುಡಿಸಿ ಚೆಲ್ಲಿ ಮರೆತುಬಿಡುವರು. ಆದರೆ ಆ ಹುಳುಗಳು ಹೊರಗಿನಿಂದ ದೀಪಕ್ಕೆ ಹಾರಿಬಂದವೋ, ಮನೆಯ ಗೋಡೆಯ ಬಿರುಕಿನಿಂದಲೇ ಹೊರಟವೋ ಎಂಬುದನ್ನು ಗಮನಿಸುವುದು ಅಗತ್ಯ. ಹೊರಗಿನಿಂದ ಬಂದವಾದರೆ ಅಂಜಬೇಕಾದುದಿಲ್ಲ. ಅವುಗಳಲ್ಲಿ ಬಹುಪಾಲು ಹಲ್ಲಿ, ಕಪ್ಪೆ, ಇರುವೆ, ಹಕ್ಕಿಗಳ ಬಾಯಿಗೆ ಬೀಳುವುವು. ಒಳಗಿನಿಂದ ಹೊರಟವಾದರೆ, ವರ್ಷಗಳಿಂದ ಬೆಳೆದು ಬಲಿತ ಗೆದ್ದಲಿನ ಸಂಸಾರವೊಂದು ಆ ಮನೆಯನ್ನು ಆಶ್ರಯಿಸಿದೆ ಎಂದೇ ತಿಳಿಯಬೇಕು. ಏಕೆಂದರೆ ರೆಕ್ಕೆಯ ಹುಳುಗಳನ್ನು ಹೊರಗೆ ಕಳುಹಿಸುವುದು ಎಳೆಯ ಗೂಡಿಗೆ ಸಾಧ್ಯವಿಲ್ಲ.

ಗೆದ್ದಲನ್ನು ಬಿಳಿ ಇರುವೆ ಎಂದು ಕರೆಯುವ ರೂಢಿ ಹಿಂದಿನಿಂದಲೂ ಇದೆ. ಅದು ಇರುವೆಯಲ್ಲ, ಇರುವೆಯ ಬಂಧುವೂ ಅಲ್ಲ. ಇರುವೆಗೆ ಜೇನು, ಕಣಜಗಳು ನೆಂಟರು. ಗೆದ್ದಲಿಗೆ ಜಿರಲೆ ನೆಂಟ. ಬಹುಕಾಲ ವಿಜ್ಞಾನಿಗಳು ಗೆದ್ದಲುಗಳಿಗೆ ಒಂದು ಪ್ರತ್ಯೇಕ ಗಣವನ್ನೇ ಮೀಸಲಾಗಿರಿಸಿದ್ದರು. 2007ರಲ್ಲಿ ಅನುವಂಶಿಕ ಧಾತುವಿನ ಹೋಲಿಕೆಯನ್ನಾಧರಿಸಿ ಪ್ರಕಟವಾದ ಅಧ್ಯಯನವೊಂದು, ಅವು ಜಿರಲೆಗಳ ಗಣಕ್ಕೇ ಸೇರಿದವೆಂದು ತೋರಿಸಿತು. ಇರುವೆಯಾದರೋ ಗೆದ್ದಲಿನ ಪರಮ ಶತ್ರು. ಗೆದ್ದಲು ಬಯಲಿನಲ್ಲಿ ನಡೆಯದೆ ಮಣ್ಣಿನ ಸುರಂಗವನ್ನು ಕಟ್ಟಿಕೊಂಡು ಅದರೊಳಗೇ ಸಂಚರಿಸುವುದಕ್ಕೆ ಇರುವೆಯ ಭಯವೂ ಒಂದು ಕಾರಣ. ಇನ್ನೊಂದು ಕಾರಣ ಅದರ ಮೆದುವಾದ ಮೈ. ತೆಳುವಾದ ಆ ಚರ್ಮ ಒಣಗಾಳಿಗೆ ತಡೆಯದು. ತೇವವಿಲ್ಲದ ಕಡೆ ಗೆದ್ದಲು ಬೇಗನೆ ಬಾಡಿ ಸಾಯುವುದು. ಈ ಒಂದು ದೌರ್ಬಲ್ಯವನ್ನು ನೆನಪಿನಲ್ಲಿಟ್ಟುಕೊಂಡರೆ ಗೆದ್ದಲನ್ನು ತಡೆಯುವ ಉಪಾಯಗಳಲ್ಲಿ ಅರ್ಧದಷ್ಟು ತಾನಾಗಿಯೇ ಹೊಳೆಯುವುವು.

ಗೂಡಿನಲ್ಲಿ ರಾಜ, ರಾಣಿ, ಸೈನಿಕರು, ಕೆಲಸಗಾರರು ಎಂದು ವರ್ಗಗಳುಂಟು. ಮರವನ್ನು ಕಡಿದು ಹಾಳುಮಾಡುವವರು ಕೆಲಸಗಾರರು. ಇವುಗಳಿಗೆ ಕಣ್ಣಿಲ್ಲ. ತಾವು ತಿಂದುದನ್ನು ರಾಣಿಗೂ ಸೈನಿಕರಿಗೂ ಮರಿಗಳಿಗೂ ಬಾಯಿಯಿಂದ ಬಾಯಿಗೆ ಉಣಿಸುವುದು, ಒಂದು ಇನ್ನೊಂದರ ಮೈಯನ್ನು ನೆಕ್ಕಿ ಶುಚಿಮಾಡುವುದು ಇವುಗಳ ನಿತ್ಯದ ಕಾಯಕ. ಬಲಿತ ರಾಣಿ ಬೆರಳಿನಷ್ಟು ದಪ್ಪವಾಗಿ ಊದಿಕೊಂಡು, ದಿನವೊಂದಕ್ಕೆ ಸಾವಿರಾರು ಮೊಟ್ಟೆಗಳನ್ನಿಡಬಲ್ಲಳು. ಹೀಗಿರುವಾಗ ಗೋಡೆಯ ಮೇಲೆ ಕಂಡ ನೂರು ಹುಳುಗಳನ್ನು ಕೊಂದೆವೆಂದು ಸಂತೋಷಪಡುವುದಕ್ಕೆ ಏನರ್ಥ? ಗೂಡಿಗೆ ಅದು ಒಂದು ಗಳಿಗೆಯ ನಷ್ಟ.

ಜಗತ್ತಿನಲ್ಲಿ ಸುಮಾರು 3000 ಜಾತಿಯ ಗೆದ್ದಲುಗಳಿವೆ. ಇವುಗಳಲ್ಲಿ ಮನೆಗೆ ಕಂಟಕವಾಗುವವು ಕೆಲವೇ. ಉಳಿದವು ಕಾಡಿನಲ್ಲಿ ಬಿದ್ದ ಮರ, ಎಲೆ, ಹುಲ್ಲುಗಳನ್ನು ಮಣ್ಣಿಗೆ ಮರಳಿಸುವ ಉಪಕಾರಿಗಳು. ಮನೆಯನ್ನು ಕಾಡುವವುಗಳನ್ನು ವಾಸದ ರೀತಿಯಿಂದ ಎರಡಾಗಿ ವಿಂಗಡಿಸಬಹುದು. ಮೊದಲನೆಯವು ನೆಲದ ಗೆದ್ದಲುಗಳು. ಇವುಗಳ ಗೂಡು ಮಣ್ಣಿನೊಳಗಿರುತ್ತದೆ. ಕೆಲವು ಜಾತಿಗಳು ಅದರ ಮೇಲೆ ಹುತ್ತವನ್ನೂ ಕಟ್ಟುತ್ತವೆ. ನಮ್ಮ ನಾಡಿನ ಹುತ್ತದ ಗೆದ್ದಲು ಮರದ ಪುಡಿಯಿಂದ ಹುತ್ತದೊಳಗೆ ತೋಟ ಮಾಡಿ ಒಂದು ಬಗೆಯ ಶಿಲೀಂಧ್ರವನ್ನು ಬೆಳೆಸಿ ತಿನ್ನುವುದು. ಮಳೆಗಾಲದಲ್ಲಿ ಹುತ್ತದ ಬಳಿ ಏಳುವ ರುಚಿಯಾದ ಅಣಬೆ ಆ ತೋಟದ ಫಲವೇ. ಎರಡನೆಯವು ಒಣಮರದ ಗೆದ್ದಲುಗಳು. ಇವಕ್ಕೆ ನೆಲದ ಹಂಗಿಲ್ಲ. ಕುರ್ಚಿಯ ಕಾಲು, ಬಾಗಿಲಿನ ಚೌಕಟ್ಟು, ಪೆಟ್ಟಿಗೆಯ ಹಲಗೆ ಇವುಗಳೊಳಗೇ ಸಣ್ಣ ಸಂಸಾರ ಹೂಡಿಕೊಂಡು ಕಾಲ ಕಳೆಯುವುವು.

ಯಾವ ಮದ್ದು ಎಂದು ಕೇಳುವುದಕ್ಕೆ ಮುಂಚೆ ಯಾವ ಗೆದ್ದಲು ಎಂದು ಕೇಳಬೇಕು. ಗೋಡೆಯ ಮೇಲೆ, ಕಂಬದ ಬದಿಯಲ್ಲಿ ಪೆನ್ಸಿಲಿನಷ್ಟು ಅಗಲದ ಮಣ್ಣಿನ ಗೆರೆಗಳು ಕಂಡರೆ ಅದು ನೆಲದ ಗೆದ್ದಲು. ಅದು ತಿಂದ ಮರದೊಳಗೂ ಮಣ್ಣು ಮೆತ್ತಿರುತ್ತದೆ. ಮಣ್ಣಿನ ಸುಳಿವೇ ಇಲ್ಲದೆ, ಮರದ ಕೆಳಗೆ ಗಸಗಸೆಯನ್ನು ಚೆಲ್ಲಿದಂತೆ ಒಣ ಹರಳುಗಳ ಸಣ್ಣ ಗುಡ್ಡೆ ಬಿದ್ದಿದ್ದರೆ ಅದು ಒಣಮರದ ಗೆದ್ದಲು. ಆ ಹರಳುಗಳು ಅದರ ಹಿಕ್ಕೆ. ಗಾಜಿನ ಮಸೂರದಿಂದ ನೋಡಿದರೆ ಒಂದೊಂದು ಹರಳಿಗೂ ಆರು ಮುಖಗಳು ಕಾಣುವುವು. ಹಿಟ್ಟಿನಂತಹ ನುಣ್ಣನೆಯ ಪುಡಿ ಬಿದ್ದಿದ್ದರೆ ಅದು ಗೆದ್ದಲೇ ಅಲ್ಲ, ಮರ ಕೊರೆಯುವ ದುಂಬಿಯ ಕೆಲಸ. ಈ ಪರೀಕ್ಷೆಗೆ ಹಣ ಬೇಡ, ಉಪಕರಣವೂ ಬೇಡ. ಆದರೂ ಇದನ್ನು ಮಾಡದೆಯೇ ಸಾವಿರಾರು ರೂಪಾಯಿಗಳ ಮದ್ದನ್ನು ನೆಲಕ್ಕೆ ಸುರಿಸುವವರು ಕಡಿಮೆಯಲ್ಲ. ಒಣಮರದ ಗೆದ್ದಲಿಗೆ ನೆಲದಲ್ಲಿ ಮದ್ದು ಹಾಕುವುದು ನಿಷ್ಫಲ.

ಮಲೆನಾಡಿನ ಹಳೆಯ ತೊಟ್ಟಿಮನೆಯೊಂದನ್ನು ಉದಾಹರಣೆಗೆ ಎಣಿಸಿಕೊಳ್ಳಬಹುದು. ಮಣ್ಣಿನ ಗೋಡೆ, ಮರದ ಕಂಬ, ಮರದ ಮುಚ್ಚಿಗೆ. ಹಿತ್ತಿಲ ಬದಿಯಲ್ಲಿ ಗೋಡೆಯಿಂದ ನಾಲ್ಕೈದು ಮಾರು ದೂರದಲ್ಲಿ ಕುಡಿಯುವ ನೀರಿನ ಬಾವಿ. ಒಂದು ದಿನ ದೇವರ ಕೋಣೆಯ ಬಾಗಿಲಿನ ಚೌಕಟ್ಟಿನ ಬುಡ ಬೆರಳಿನಿಂದ ಒತ್ತಿದರೆ ಕುಸಿಯುತ್ತದೆ. ಗೋಡೆಯ ಗೂಡಿನಲ್ಲಿ ಕಟ್ಟಿಟ್ಟ ಕ್ರಯಪತ್ರಗಳ ಕಟ್ಟು ಹೊರಗೆ ನೆಟ್ಟಗಿದ್ದರೂ ಒಳಗೆ ಜರಡಿಯಾಗಿದೆ. ಮನೆಯೂ ಹೋಗಬಾರದು, ಬಾವಿಯೂ ಕೆಡಬಾರದು. ಚಿಕಿತ್ಸೆಯನ್ನು ಆರಿಸುವ ಪ್ರಶ್ನೆ ನಿಜವಾಗಿ ಏಳುವುದು ಇಂತಹ ಸಂದರ್ಭದಲ್ಲಿ.

ಮೊದಲು ಬರುವುದು ನೆರೆಹೊರೆಯವರ ಸಲಹೆ. ಸೀಮೆಎಣ್ಣೆ ಸುರಿಯಿರಿ ಎನ್ನುವರು ಕೆಲವರು. ತಾಗಿದ ಹುಳುಗಳು ಸಾಯುವುವು, ಒಂದೆರಡು ವಾರ ಆ ದಾರಿ ಮುಚ್ಚುವುದು, ಗೂಡಿಗೆ ಏನೂ ಆಗದು. ಮರದ ಮನೆಯಲ್ಲಿ ಬೆಂಕಿಯ ಅಪಾಯ ಬೇರೆ. ಹುತ್ತವನ್ನು ಅಗೆದು ರಾಣಿಯನ್ನು ತೆಗೆಯಿರಿ ಎನ್ನುವರು ಇನ್ನು ಕೆಲವರು. ಇದರಲ್ಲಿ ಹುರುಳಿದೆ, ಆದರೆ ಅಂಗಳದಲ್ಲಿ ಕಾಣುವ ಹುತ್ತದ ಗೆದ್ದಲೇ ಮನೆಗೆ ಬಂದಿದೆಯೆಂಬ ನಿಶ್ಚಯವಿಲ್ಲ. ಹುತ್ತವನ್ನೇ ಕಟ್ಟದ ಜಾತಿಗಳೂ ಇವೆ, ಹಲವು ಜಾತಿಗಳಲ್ಲಿ ರಾಣಿ ಸತ್ತರೆ ಬದಲಿ ರಾಣಿಯರು ಏಳುವುದೂ ಉಂಟು. ಕರಾವಳಿಯ ಜನ ಮರಕ್ಕೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆ ಇವೆರಡಕ್ಕಿಂತಲೂ ಮೇಲು. ಹೊಸ ಮರಕ್ಕೆ ಅದು ಒಳ್ಳೆಯ ರಕ್ಷೆ. ಮೈಗೆ ತಾಗಿದರೆ ಮಾತ್ರ ಸುಟ್ಟಂತೆ ಬೊಬ್ಬೆಯೇಳುವುದು. ಆದರೆ ಆಗಲೇ ಒಳಹೊಕ್ಕ ಗೆದ್ದಲನ್ನು ಮೇಲೆ ಬಳಿದ ಎಣ್ಣೆ ಮುಟ್ಟಲಾರದು.

ರಾಸಾಯನಿಕ ಚಿಕಿತ್ಸೆಯ ಇತಿಹಾಸ ಎಚ್ಚರಿಕೆಯಿಂದ ಓದಬೇಕಾದ ಅಧ್ಯಾಯ. ಇಪ್ಪತ್ತನೆಯ ಶತಮಾನದ ನಡುವಿನಿಂದ ಕ್ಲೋರ್ಡೇನ್, ಹೆಪ್ಟಾಕ್ಲೋರ್, ಆಲ್ಡ್ರಿನ್, ಡೀಲ್ಡ್ರಿನ್ ಎಂಬ ವಿಷಗಳು ಗೆದ್ದಲಿಗೆ ರಾಮಬಾಣವೆನಿಸಿದವು. ಒಮ್ಮೆ ಹಾಕಿದರೆ ದಶಕಗಳ ಕಾಲ ಮಣ್ಣಿನಲ್ಲಿ ಉಳಿಯುತ್ತಿದ್ದವು. ಆ ಗುಣವೇ ಅವುಗಳ ದೋಷವೂ ಆಯಿತು. ಮಣ್ಣಿನಿಂದ ನೀರಿಗೆ, ನೀರಿನಿಂದ ಮೀನಿಗೆ, ಆಹಾರದಿಂದ ಮನುಷ್ಯನ ಕೊಬ್ಬಿಗೆ, ತಾಯಿಯ ಹಾಲಿಗೆ ಅವು ಸೇರಿದವು. ಭಾರತವು ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳನ್ನು 1996ರಲ್ಲಿ ನಿಷೇಧಿಸಿತು. 2001ರ ಸ್ಟಾಕ್‌ಹೋಮ್ ಒಪ್ಪಂದ ಮೊದಲ ಪಟ್ಟಿಯಲ್ಲಿ ಹೆಸರಿಸಿದ ಹನ್ನೆರಡು ಮಾಲಿನ್ಯಕಾರಕಗಳಲ್ಲಿ ಈ ನಾಲ್ಕೂ ಸೇರಿದ್ದವು. ಅವುಗಳ ಸ್ಥಾನಕ್ಕೆ ಬಂದ ಕ್ಲೋರ್‌ಪೈರಿಫಾಸ್ ಕೂಡ ನಿರಪಾಯಕಾರಿಯಲ್ಲ. 2025ರಲ್ಲಿ ಒಪ್ಪಂದದ ರಾಷ್ಟ್ರಗಳು ಅದನ್ನೂ, ಕೆಲವು ಬಳಕೆಗಳಿಗೆ ವಿನಾಯಿತಿಯಿತ್ತು, ತೊಡೆದುಹಾಕಬೇಕಾದವುಗಳ ಪಟ್ಟಿಗೆ ಸೇರಿಸಿದವು.

ನೆಲದ ಗೆದ್ದಲಿಗೆ ಈಗಲೂ ಹೆಚ್ಚಾಗಿ ಬಳಕೆಯಲ್ಲಿರುವುದು ಮದ್ದಿನ ಬೇಲಿ. ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿರುವ 6313ನೆಯ ಸಂಖ್ಯೆಯ ಸಂಹಿತೆಯ ಮೂರು ಭಾಗಗಳು ಇದಕ್ಕೆ ಮೀಸಲಾಗಿವೆ. ಮೊದಲನೆಯದು ಕಟ್ಟಡದ ರಚನೆಯಲ್ಲಿಯೇ ಮಾಡಬೇಕಾದ ಏರ್ಪಾಡು, ಎರಡನೆಯದು ಕಟ್ಟುವ ಮೊದಲು ಮಣ್ಣಿಗೆ ಮದ್ದು, ಮೂರನೆಯದು ಕಟ್ಟಿ ನಿಂತ ಮನೆಗೆ ಚಿಕಿತ್ಸೆ. ನಿಂತ ಮನೆಯಲ್ಲಿ ಹೊರಗೋಡೆಯ ಉದ್ದಕ್ಕೂ ಕಾಲುವೆ ತೋಡಿ ತಳಪಾಯದ ಬದಿಯ ಮಣ್ಣಿಗೆ ಮದ್ದಿನ ನೀರನ್ನು ಊಡಿಸುವರು. ಒಳಗೆ ನೆಲವೂ ಗೋಡೆಯೂ ಸೇರುವ ಮೂಲೆಯಲ್ಲಿ 30 ಸೆಂಟಿಮೀಟರಿಗೊಂದರಂತೆ ಬೆರಳು ಹಿಡಿಸುವಷ್ಟು ರಂಧ್ರಗಳನ್ನು ಕೊರೆದು, ಒಂದೊಂದಕ್ಕೂ ಸುಮಾರು ಒಂದು ಲೀಟರ್ ದ್ರವ ತುಂಬಿ ಮುಚ್ಚುವರು. ಕೆಲಸದ ಗುಟ್ಟೆಲ್ಲ ಇರುವುದು ಬೇಲಿಯಲ್ಲಿ ಬಿರುಕುಳಿಯದಂತೆ ನೋಡಿಕೊಳ್ಳುವುದರಲ್ಲಿ. ಒಂದು ಗೇಣು ಜಾಗ ಬಿಟ್ಟುಹೋದರೂ ಗೆದ್ದಲು ಅದನ್ನು ಕಂಡುಕೊಳ್ಳುವುದು.

ಈ ಮದ್ದುಗಳಲ್ಲಿಯೂ ಎರಡು ಬಗೆಗಳುಂಟು. ಬೈಫೆಂಥ್ರಿನ್ ಮೊದಲಾದವು ಗೆದ್ದಲನ್ನು ಹೆದರಿಸಿ ಅಟ್ಟುವುವು. ಗೆದ್ದಲು ಅವನ್ನು ಗುರುತಿಸಿ ಬೇರೆ ದಾರಿ ಹುಡುಕುತ್ತದೆ. ಇಮಿಡಾಕ್ಲೋಪ್ರಿಡ್, ಫಿಪ್ರೋನಿಲ್‌ಗಳನ್ನು ಗೆದ್ದಲು ಗುರುತಿಸಲಾರದು. ವಿಷದ ಮಣ್ಣಿನಲ್ಲಿ ನಡೆದು ಹಿಂದಿರುಗಿದ ಕೆಲಸಗಾರ, ನೆಕ್ಕುವ ಮತ್ತು ಉಣಿಸುವ ಆ ಹಳೆಯ ಅಭ್ಯಾಸದಿಂದಲೇ ಒಡಹುಟ್ಟಿದವರಿಗೂ ಅದನ್ನು ಹಂಚುವುದು. ಆದುದರಿಂದ ಇವುಗಳ ಪರಿಣಾಮ ನಿಧಾನವಾದರೂ ಆಳವಾದುದು. ಆದರೆ ಇಮಿಡಾಕ್ಲೋಪ್ರಿಡ್ ನೀರಿನಲ್ಲಿ ಕರಗುವುದು, ಜೇನುಹುಳುವಿಗೆ ಮಾರಕ. ಬೈಫೆಂಥ್ರಿನ್ ಮೀನಿಗೆ ಮಾರಕ. ಬಾವಿಯ ಬದಿಯ ಗೋಡೆಗೆ ಯಾವುದನ್ನೂ ಸುರಿಯುವಂತಿಲ್ಲ.

ಮಣ್ಣಿಗೆ ವಿಷವನ್ನೇ ಹಾಕದ ಉಪಾಯವೊಂದು 1990ರ ದಶಕದಲ್ಲಿ ಬಂದಿತು. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಕೀಟವಿಜ್ಞಾನಿ ನಾನ್ ಯಾವೊ ಸು ರೂಪಿಸಿದ ಈ ಕ್ರಮದಲ್ಲಿ, ಮರದ ನಾರಿನಲ್ಲಿ ಅತ್ಯಲ್ಪ ಪ್ರಮಾಣದ ಹೆಕ್ಸಾಫ್ಲುಮುರಾನ್ ಬೆರೆಸಿ ನೆಲದಲ್ಲಿ ಹುಗಿದ ಡಬ್ಬಿಗಳಲ್ಲಿ ಆಮಿಷವಾಗಿ ಇಡುವರು. ಇದನ್ನು ತಿಂದ ಗೆದ್ದಲು ಕೂಡಲೇ ಸಾಯದು. ಪೊರೆ ಕಳಚುವ ಕಾಲ ಬಂದಾಗ ಹೊಸ ಚರ್ಮ ಕಟ್ಟಲಾರದೆ ಸಾಯುವುದು. ಅಷ್ಟರಲ್ಲಿ ಅದು ಗೂಡಿಗೆಲ್ಲ ಉಣಿಸಿರುತ್ತದೆ. ಗೂಡೇ ನಾಶವಾಗಬಲ್ಲದೆಂಬುದು ಇದರ ಹೆಚ್ಚಳ. ತಿಂಗಳುಗಟ್ಟಲೆ ಕಾಯಬೇಕೆಂಬುದು, ಬೆಲೆ ಹೆಚ್ಚೆಂಬುದು ಕೊರತೆ. ಶಿಲೀಂಧ್ರದ ತೋಟ ಮಾಡುವ ನಮ್ಮ ಹುತ್ತದ ಗೆದ್ದಲುಗಳು, ಮರವನ್ನೇ ನೆಚ್ಚಿದ ಜಾತಿಗಳಷ್ಟು ಸುಲಭವಾಗಿ ಈ ಆಮಿಷಕ್ಕೆ ಬಲಿಯಾಗುವುದಿಲ್ಲ.

ಒಣಮರದ ಗೆದ್ದಲಿಗೆ ಚಿಕಿತ್ಸೆ ಮರಕ್ಕೇ ಆಗಬೇಕು. ಹಿಡಿದ ಭಾಗವನ್ನು ಕತ್ತರಿಸಿ ತೆಗೆಯಬಹುದು, ರಂಧ್ರ ಕೊರೆದು ಮದ್ದನ್ನು ಒಳಕ್ಕೆ ಹೊಗಿಸಬಹುದು, ಸಾಮಾನುಗಳಾದರೆ ಮರದ ಒಡಲು 50 ಡಿಗ್ರಿ ಸೆಲ್ಸಿಯಸ್ ಮೀರುವಂತೆ ಕಾಯಿಸಬಹುದು. ಬಣ್ಣ ಬಳಿಯದ ಮರಕ್ಕೆ ಬಿಳಿಗಾರವನ್ನೂ ಬೋರಿಕ್ ಆಮ್ಲವನ್ನೂ ಕರಗಿಸಿದ ನೀರು ಸೌಮ್ಯವಾದ, ಬಹುಕಾಲ ನಿಲ್ಲುವ ರಕ್ಷೆ. ಮಳೆ ತಾಗುವ ಕಡೆ ಅದು ತೊಳೆದುಹೋಗುವುದು.

ಹಿಂದಿನ ಬಡಗಿಗಳೂ ಗಾರೆಯವರೂ ಈ ಮದ್ದುಗಳೊಂದನ್ನೂ ಕಾಣದೆ ನೂರು ವರ್ಷ ನಿಲ್ಲುವ ಮನೆಗಳನ್ನು ಕಟ್ಟಿದರು. ಅವರು ಮರದ ಕಂಬವನ್ನು ನೆಲಕ್ಕೆ ಊರದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿದರು. ತೇಗ, ಹೊನ್ನೆ, ಬೀಟೆ, ಹಲಸುಗಳ ಕೆಚ್ಚನ್ನು ಮಾತ್ರ ಆರಿಸಿ, ಹೊರಗಿನ ಬಿಳಿಯ ಮರವನ್ನು ಕೆತ್ತಿ ತೆಗೆದರು. ಅಡುಗೆಮನೆಯ ಹೊಗೆ ಅಟ್ಟದ ತೊಲೆಗಳನ್ನು ಒಣಗಿಸುತ್ತಿತ್ತು. ಇಂದು ಮಾವಿನ ಹಲಗೆಯ ಚೌಕಟ್ಟನ್ನು ಹಸಿಗೋಡೆಗೆ ಕೂಡಿಸಿ, ಮೇಲೆ ಹೊಳೆಯುವ ಬಣ್ಣ ಬಳಿದು, ಹತ್ತು ವರ್ಷದ ಖಾತರಿಯ ಮದ್ದನ್ನು ಹಾಕಿಸುವುದು ಬುದ್ಧಿವಂತಿಕೆಯೆಂದು ಹೇಳಲಾಗದು.

ಮೇಲಿನ ತೊಟ್ಟಿಮನೆಯಲ್ಲಿ ಮಣ್ಣಿನ ಗೆರೆಗಳಿವೆ. ಆದುದರಿಂದ ಅಲ್ಲಿರುವುದು ನೆಲದ ಗೆದ್ದಲು. ಬಾವಿಯಿಂದ ದೂರವಿರುವ ಮೂರು ಬದಿಗಳಲ್ಲಿ, ಪರವಾನಗಿಯುಳ್ಳ ಕೆಲಸಗಾರರಿಂದ, ಗೆದ್ದಲು ಗುರುತಿಸಲಾರದ ಮದ್ದಿನ ಬೇಲಿ ಹಾಕಿಸಬಹುದು. ಬಾವಿಯ ಬದಿಯಲ್ಲಿ ಮಣ್ಣಿಗೆ ಮದ್ದು ಬೇಡ. ಅಲ್ಲಿ ಗೋಡೆಗೆ ಒರಗಿಸಿದ ಸೌದೆಯ ರಾಶಿಯನ್ನು ದೂರ ಸರಿಸಿ, ಬಚ್ಚಲ ನೀರಿನ ಕಾಲುವೆಯನ್ನು ತಿರುಗಿಸಿ, ಗೋಡೆಯ ಬುಡವನ್ನು ಬಿಡಿಸಿ ಕಣ್ಣಿಗೆ ಕಾಣುವಂತೆ ಇಡಬೇಕು. ಚೌಕಟ್ಟಿನ ಕೊಳೆತ ಬುಡವನ್ನು ಕತ್ತರಿಸಿ ಕಲ್ಲು ಕೂಡಿಸಿ, ಉಳಿದ ಮರಕ್ಕೆ ಬಿಳಿಗಾರದ ನೀರನ್ನು ಹಲವು ಸಲ ಬಳಿಯಬೇಕು. ಉಳಿದ ಕಾಗದಪತ್ರಗಳು ಗೋಡೆಯ ಗೂಡಿನಿಂದ ಹೊರಬಂದು, ಗೋಡೆಗೆ ತಾಗದಂತೆ ನಿಲ್ಲಿಸಿದ ಕಬ್ಬಿಣದ ಬೀರುವಿಗೆ ಹೋಗಬೇಕು. ಬೀರು ಗೋಡೆಗೆ ಅಂಟಿಕೊಂಡಿದ್ದರೆ ಗೆದ್ದಲು ಅದರ ಬೆನ್ನಿನ ಸಂದಿಯಿಂದಲೂ ಒಳನುಗ್ಗುವುದು. ಮದ್ದಿನ ಕೆಲಸ ಬೇಸಗೆಯಲ್ಲಿ ಮುಗಿಯಬೇಕು. ಮಳೆಯಲ್ಲಿ ನೆನೆದ ಮಣ್ಣು ಮದ್ದನ್ನು ಹೀರದು.

ಬಾವಿಯ ಬದಿಯ ಗೋಡೆಯನ್ನು ತಿಂಗಳಿಗೊಮ್ಮೆ ದೀಪ ಹಿಡಿದು ನೋಡುವ ಕೆಲಸ ಮನೆಯ ಮಕ್ಕಳಿಗೆ ಒಪ್ಪುವಂಥದು. ಮಣ್ಣಿನ ಗೆರೆ ಕಂಡರೆ ಅದನ್ನು ಪೂರ್ತಿ ಕೆರೆದು ಹಾಕದೆ, ನಡುವೆ ಎರಡು ಬೆರಳಿನಷ್ಟು ಮಾತ್ರ ಒಡೆದು, ಪಕ್ಕದಲ್ಲಿ ಸೀಮೆಸುಣ್ಣದಿಂದ ತಾರೀಖು ಬರೆದಿಡಬೇಕು. ನಾಲ್ಕು ದಿನ ಕಳೆದು ನೋಡಿದಾಗ ಒಡೆದ ಭಾಗ ಹಸಿಮಣ್ಣಿನಿಂದ ಮುಚ್ಚಿಕೊಂಡಿದ್ದರೆ ಒಳಗೆ ಜನವಿದೆ.