ಟವರ್ ಹತ್ತಿರ, ಸಿಗ್ನಲ್ ದೂರ

ಬೆಂಗಳೂರಿನ ಗಿರಿನಗರದಲ್ಲಿ ಮಹಡಿ ಹತ್ತಿ ನಿಂತರೆ ಒಂದಲ್ಲ ಒಂದು ಮೊಬೈಲ್ ಟವರ್ ಕಣ್ಣಿಗೆ ಬೀಳುತ್ತದೆ. ಆದರೂ ನೆಲಮಹಡಿಯ ಅಡುಗೆಮನೆಯಲ್ಲಿ ಫೋನ್ ಬಂದರೆ 'ಒಂದ್ನಿಮಿಷ, ಹೊರಗೆ ಬರ್ತೀನಿ' ಎನ್ನುವವರಿಗೆ ಇಲ್ಲಿ ಬರವಿಲ್ಲ. ಅತ್ತ ಸುಳ್ಯ ತಾಲ್ಲೂಕಿನಲ್ಲಿ, 2021ರ ಮಳೆಗಾಲದಲ್ಲಿ, ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ನಾಡಿನಾದ್ಯಂತ ಸುದ್ದಿಯಾಗಿತ್ತು. ಎರಡೂ ಕಡೆ ದೂರು ಒಂದೇ: ನೆಟ್‌ವರ್ಕ್ ಸಿಗುತ್ತಿಲ್ಲ. ಕಾರಣಗಳು ಮಾತ್ರ ಬೇರೆ.

ಫೋನಿನ ಮೇಲ್ತುದಿಯ ಕಡ್ಡಿಗಳು ಅಂದಾಜು ಲೆಕ್ಕವಷ್ಟೆ. ಸಿಗ್ನಲ್ಲಿನ ನಿಜವಾದ ಅಳತೆ ಡಿಬಿಎಂ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್ ತೆರೆದು, ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ನೋಡಿದರೆ ಈ ಅಂಕಿ ಸಿಗುತ್ತದೆ. 4ಜಿಯಲ್ಲಿ -80 ಒಳ್ಳೆಯ ಸಿಗ್ನಲ್, -110 ದುರ್ಬಲ. ಪ್ರತಿ 10 ಅಂಕ ಇಳಿದಾಗಲೂ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ. ಮಹಡಿಯ ಮೇಲೆ -80, ಒಳಕೋಣೆಯಲ್ಲಿ -110 ಬಂದರೆ, ಮೇಲೆ ಸಿಕ್ಕಿದ್ದರ ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ ತಲುಪಿದೆ ಎಂದರ್ಥ.

ನುಂಗಿದ್ದು ಗೋಡೆ. 30x40 ಸೈಟುಗಳಲ್ಲಿ ಒತ್ತೊತ್ತಾಗಿ ಎದ್ದ ಮನೆಗಳ ಕಾಂಕ್ರೀಟು, ಅದರೊಳಗಿನ ಕಬ್ಬಿಣ ರೇಡಿಯೊ ಅಲೆಗಳನ್ನು ತಡೆಯುತ್ತವೆ. 2022ರ ಹರಾಜಿನಲ್ಲಿ 5ಜಿಗಾಗಿ ಮಾರಾಟವಾದ ತರಂಗಗಳಲ್ಲಿ 700 ಮೆಗಾಹರ್ಟ್ಸ್‌ನ ಅಲೆ ಸುಮಾರು 43 ಸೆಂಟಿಮೀಟರ್ ಉದ್ದ. ದೂರ ಹೋಗುತ್ತದೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತದೆ. 3300 ಮೆಗಾಹರ್ಟ್ಸ್‌ನದು ಸುಮಾರು 9 ಸೆಂಟಿಮೀಟರ್. ಹೆಚ್ಚು ಡೇಟಾ ಹೊರುತ್ತದೆ, ಗೋಡೆಗೆ ಬೇಗ ಸೋಲುತ್ತದೆ.

ಕಡ್ಡಿಗಳೆಲ್ಲ ತುಂಬಿದ್ದರೂ ವಿಡಿಯೊ ಸುತ್ತುತ್ತಲೇ ಇರುವುದು ಇನ್ನೊಂದು ಕಥೆ. ಟವರಿನ ಸಾಮರ್ಥ್ಯವನ್ನು ಅದರ ಸುತ್ತಲಿನ ಫೋನುಗಳೆಲ್ಲ ಹಂಚಿಕೊಳ್ಳಬೇಕು. ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ಅದು ಒಂದೇ ಬೀದಿ ನಲ್ಲಿಗೆ ಇಟ್ಟ ಹತ್ತಾರು ಬಿಂದಿಗೆಗಳ ಪಾಡು.

ಮಲೆನಾಡಿನಲ್ಲಿ ಅಡ್ಡ ಬರುವುದು ಗುಡ್ಡ, ಕಾಡು, ಜೊತೆಗೆ ಲಾಭದ ಲೆಕ್ಕ. 2011ರ ಜನಗಣತಿಯಂತೆ ಬೆಂಗಳೂರು ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 4,300ಕ್ಕೂ ಹೆಚ್ಚು ಜನ, ಉತ್ತರ ಕನ್ನಡದಲ್ಲಿ 140, ಕೊಡಗಿನಲ್ಲಿ 135. ಟವರಿನ ಖರ್ಚು ಅಲ್ಲೂ ಬರುತ್ತದೆ. ಅದನ್ನು ತುಂಬಿಕೊಡುವ ಗ್ರಾಹಕರು ಬೆರಳೆಣಿಕೆ. ಆಫ್ರಿಕಾದಲ್ಲೂ ಇದೇ ಲೆಕ್ಕ. ಪುಟ್ಟ ರುವಾಂಡ ಗುಡ್ಡಗಳ ನಾಡಾದರೂ ಅಲ್ಲಿ ಜನ ದಟ್ಟ. 4ಜಿ ಬಹುತೇಕ ಎಲ್ಲರನ್ನೂ ತಲುಪಿದೆ. ಅದರ ಸುಮಾರು 90 ಪಟ್ಟು ವಿಸ್ತಾರದ ನೆರೆಯ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ ಜನವಸತಿ ವಿರಳ. ನೆಟ್‌ವರ್ಕ್ ಬಹಳ ಹಿಂದಿದೆ. ನಮ್ಮಲ್ಲೂ ಮಾರುಕಟ್ಟೆ ತಲುಪದ ಕಡೆಗೆ ಸರ್ಕಾರವೇ ಹೋಗಬೇಕಾಯಿತು: ದೇಶದ 24,680 ಹಳ್ಳಿಗಳಿಗೆ 4ಜಿ ಒಯ್ಯುವ 26,316 ಕೋಟಿ ರೂಪಾಯಿಯ ಯೋಜನೆಗೆ 2022ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು, ಹೊಣೆ ಬಿಎಸ್‌ಎನ್‌ಎಲ್‌ನದು.

ಆದ್ದರಿಂದ 'ಇಷ್ಟು ಶೇಕಡಾ ವ್ಯಾಪ್ತಿ' ಎಂಬ ಜಾಹೀರಾತು ಕಂಡಾಗ ಕೇಳಬೇಕಾದ ಪ್ರಶ್ನೆ: ಅದು ಜನಸಂಖ್ಯೆಯ ಶೇಕಡಾವಾರೋ, ನೆಲದ್ದೋ? ಜನ ಒಂದೆಡೆ ಗುಂಪಾಗಿರುವ ನಾಡಿನಲ್ಲಿ ಅರ್ಧ ನೆಲ ಬಿಟ್ಟರೂ ಜನಸಂಖ್ಯೆಯ ಅಂಕಿ ಸೊಗಸಾಗಿಯೇ ಕಾಣುತ್ತದೆ. ಕಂಪನಿಗಳು ಪ್ರಕಟಿಸುವ ನಕ್ಷೆಗೂ ನಿಮ್ಮ ಗೋಡೆಯ ದಪ್ಪ ಗೊತ್ತಿರುವುದಿಲ್ಲ. ಸಿಮ್ ಬದಲಿಸುವ ಮುನ್ನ ಒಳಕೋಣೆಯಲ್ಲಿ ಡಿಬಿಎಂ ನೋಡಿ. ಸಿಗ್ನಲ್ ದುರ್ಬಲವಾಗಿದ್ದು ಮನೆಯಲ್ಲಿ ವೈಫೈ ಇದ್ದರೆ, ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ. ಅಡುಗೆಮನೆಯಿಂದ ಹೊರಗೆ ಓಡುವುದು ತಪ್ಪುತ್ತದೆ.