ವಾಟರ್‌ಪ್ರೂಫ್ ಪ್ಲೈವುಡ್ ಅಂದರೆ ವಿಷಮುಕ್ತವೇ?

ಅಡುಗೆಮನೆಯ ಹಳೆ ಕಪಾಟಿಗೆ ಹೊಸ ಬಾಗಿಲು ಹಾಕಿಸುತ್ತಿದ್ದೀರಾ? ‘ವಾಟರ್‌ಪ್ರೂಫ್ ಪ್ಲೈವುಡ್, ಏನೂ ಭಯವಿಲ್ಲ’ ಎಂಬ ಮಾತು ಅರ್ಧ ಸತ್ಯ ಮಾತ್ರ.

ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್‌ಗಳ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ. ಅದು ತಿಂಗಳುಗಟ್ಟಲೆ ಅನಿಲವಾಗಿ ಹೊರಬರುತ್ತದೆ. ಬಿಸಿ, ತೇವಾಂಶ ಇದ್ದಲ್ಲಿ ಇನ್ನೂ ಹೆಚ್ಚು. ಇದರಿಂದ ಕಣ್ಣು, ಗಂಟಲು ಉರಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಇದನ್ನು ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಹಾಗೆಂದು ‘ಕಪಾಟಿನಿಂದ ಕ್ಯಾನ್ಸರ್ ಗ್ಯಾರಂಟಿ’ ಎಂಬ ಫಾರ್ವರ್ಡ್ ಕೂಡ ಸರಿಯಲ್ಲ. ಎಷ್ಟು ಪ್ರಮಾಣ, ಎಷ್ಟು ಕಾಲ ಉಸಿರಾಡುತ್ತೇವೆ ಎಂಬುದರ ಮೇಲೆ ಅಪಾಯ ನಿಂತಿದೆ.

‘ಬಿಡಬ್ಲ್ಯುಪಿ’ ಗುರುತು ಹೇಳುವುದು ಕುದಿನೀರಿಗೂ ಅಂಟು ಬಿಡುವುದಿಲ್ಲ ಎಂದಷ್ಟೇ. ಅನಿಲ ಎಷ್ಟು ಹೊರಬರುತ್ತದೆ ಎಂದು ತಿಳಿಯಲು ‘ಇ1’ ಅಥವಾ ಅದಕ್ಕಿಂತ ಕಡಿಮೆ ಸೂಸುವ ‘ಇ0’ ದರ್ಜೆ ಕೇಳಿ.

ಏನು ಮಾಡಬೇಕು?

• ಒಳಚೌಕಟ್ಟು ಗಟ್ಟಿಯಿದ್ದರೆ ಬಾಗಿಲು ಮಾತ್ರ ಬದಲಿಸಿ.
• ಬಾಗಿಲಿನ ಎರಡೂ ಬದಿಗೆ ಲ್ಯಾಮಿನೇಟ್, ನಾಲ್ಕೂ ಅಂಚಿಗೆ ಎಡ್ಜ್ ಬ್ಯಾಂಡ್ ಹಾಕಿಸಿ. ಕೊಯ್ದ ಅಂಚಿನಿಂದಲೇ ಅನಿಲ ಹೆಚ್ಚು ಸೋರುತ್ತದೆ.
• ಅಂಟೇ ಬೇಡವೆಂದರೆ ಸ್ಟೀಲ್ ಬಾಗಿಲು ಆಯ್ದುಕೊಳ್ಳಿ.
• ಕೆಲಸ ಮುಗಿದ ಮೇಲೆ ಕೆಲವು ವಾರ ಕಿಟಕಿ ತೆರೆದಿಡಿ.

ವಾಸನೆ ಹೋಯಿತೆಂದು ಅನಿಲ ನಿಂತಿತು ಎಂದುಕೊಳ್ಳಬೇಡಿ.