ಗಣಕಯಂತ್ರದಲ್ಲಿ ಸಾಲು ಮತ್ತು ಕಟ್ಟು: 'ಆರ್' ಭಾಷೆಯ ವೆಕ್ಟರ್, ಲಿಸ್ಟ್‌ಗಳ ಬಗ್ಗೆ ವ್ಯಾಪಾರಸ್ಥರು ತಿಳಿಯಬೇಕಾದದ್ದು

ಕಾಸರಕೋಡ, ಹೊನ್ನಾವರ, ಕುಮಟಾ, ಭಟ್ಕಳ ಭಾಗದ ವರ್ತಕರಲ್ಲಿಯೂ ಸಣ್ಣ ಉದ್ದಿಮೆದಾರರಲ್ಲಿಯೂ ದೈನಂದಿನ ಲೆಕ್ಕಪತ್ರಕ್ಕೆ ಟ್ಯಾಲಿ, ಉಳಿದ ಕೋಷ್ಟಕಗಳಿಗೆ ಎಕ್ಸೆಲ್ ಎಂಬ ಪದ್ಧತಿ ಬಹುಕಾಲದಿಂದ ನೆಲೆಯೂರಿದೆ. ಪದವಿ ಮುಗಿಸಿ ಮನೆತನದ ವ್ಯವಹಾರಕ್ಕೆ ಕೈಜೋಡಿಸುವ ಯುವಕ ಯುವತಿಯರಲ್ಲಿ ಕೆಲವರು ಈಗ 'ಆರ್' ಎಂಬ ಸಂಖ್ಯಾಶಾಸ್ತ್ರೀಯ ಭಾಷೆಯನ್ನು ಕಾಲೇಜಿನಲ್ಲಿಯೇ ಕಲಿತು ಬರುತ್ತಾರೆ. ಖರೀದಿ ಬಿಲ್ಲುಗಳ ತಾಳೆ, ತಿಂಗಳವಾರು ಸರಾಸರಿ, ಬ್ಯಾಂಕಿಗೆ ಸಲ್ಲಿಸುವ ಅಂದಾಜು ಪಟ್ಟಿ, ಇವೆಲ್ಲ ಆ ಭಾಷೆಯಲ್ಲಿ ಕೆಲವೇ ಸಾಲುಗಳ ಕೆಲಸ. ಆದರೆ ಜಿಎಸ್‌ಟಿ ರಿಟರ್ನಿಗೂ ಬ್ಯಾಂಕಿನ ಅರ್ಜಿಗೂ ಹೊಣೆಗಾರರಾಗಿ ರುಜು ಹಾಕುವವರು ಮನೆಯ ಹಿರಿಯರು. ಅವರಿಗೆ ಆ ಭಾಷೆಯಲ್ಲಿ ಬರೆಯಲು ಬಾರದಿದ್ದರೂ ಚಿಂತೆಯಿಲ್ಲ. ಅದು ಯಾವ ತಪ್ಪನ್ನು ಕೂಗಿ ಹೇಳುತ್ತದೆ, ಯಾವಾಗ ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತದೆ ಎಂಬುದಷ್ಟು ತಿಳಿದಿರಲೇಬೇಕು. ಈ ಲೇಖನದ ಉದ್ದೇಶ ಅಷ್ಟೇ.

ಈ ಭಾಷೆ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ಅಧ್ಯಾಪಕರ ಕೈಯಲ್ಲಿ 1990ರ ದಶಕದ ಆರಂಭದಲ್ಲಿ ರೂಪುಗೊಂಡಿತು. ಇಬ್ಬರ ಹೆಸರಿನ ಮೊದಲಕ್ಷರವೂ ಇಂಗ್ಲಿಷಿನ 'ಆರ್'. ಭಾಷೆಗೂ ಅದೇ ಹೆಸರಾಯಿತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1976ರಲ್ಲಿ ಹುಟ್ಟಿದ 'ಎಸ್' ಭಾಷೆ ಇದರ ಪೂರ್ವಜ. 2000ನೇ ಇಸವಿಯ ಫೆಬ್ರವರಿ 29ರಂದು ಇದರ 1.0.0 ಆವೃತ್ತಿ ಹೊರಬಂದಿತು. ಇದನ್ನು ಉಚಿತವಾಗಿ ಪಡೆಯಬಹುದು, ಪರವಾನಗಿ ಶುಲ್ಕವಿಲ್ಲ. ಆದರೆ ಇದು ಟ್ಯಾಲಿಯ ಸ್ಥಾನವನ್ನು ತುಂಬುವ ತಂತ್ರಾಂಶವಲ್ಲ. ಕಂಪನಿಯಾಗಿ ನೋಂದಾಯಿಸಿಕೊಂಡವರು 2023ರ ಏಪ್ರಿಲ್ 1ರಿಂದ ತಿದ್ದುಪಡಿಗಳ ಜಾಡನ್ನು ದಾಖಲಿಸುವ ತಂತ್ರಾಂಶದಲ್ಲಿಯೇ ಲೆಕ್ಕಪುಸ್ತಕ ಇಡಬೇಕಾಗಿದೆ. ಆದ್ದರಿಂದ ನಮೂದು ಅಲ್ಲಿರಲಿ, ವಿಶ್ಲೇಷಣೆ ಮಾತ್ರ ಇಲ್ಲಿ. ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು. ಈ ಲೇಖನದಲ್ಲಿ ಅವುಗಳ ಉಚ್ಚಾರವನ್ನಷ್ಟೇ ಕೊಟ್ಟಿದೆ. ಉದಾಹರಣೆಯ ಮೊತ್ತಗಳೆಲ್ಲ ವಿವರಣೆಗಾಗಿ ಮಾಡಿಕೊಂಡವು.

ಮೊದಲು ವೆಕ್ಟರ್. ಖಾತೆಪುಸ್ತಕದ ಒಂದು ಅಂಕಣವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೇಲಿನಿಂದ ಕೆಳಗೆ ಮೊತ್ತಗಳೇ ಇವೆ, ಅಥವಾ ಹೆಸರುಗಳೇ ಇವೆ. ಅದೇ ವೆಕ್ಟರ್. 'ಸಿ' ಎಂಬ ಒಂದಕ್ಷರದ ಆಜ್ಞೆಯ ಮುಂದೆ ಆವರಣದೊಳಗೆ ಅಂಕಿಗಳನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿ ಬರೆದರೆ ವೆಕ್ಟರ್ ಸಿದ್ಧ. 'ಸಮ್' ಎಂದರೆ ಮೊತ್ತ, 'ಮ್ಯಾಕ್ಸ್' ಎಂದರೆ ಗರಿಷ್ಠ, 'ಮೀನ್' ಎಂದರೆ ಸರಾಸರಿ. (ನಮ್ಮ ಕರಾವಳಿಯವರಿಗೆ ಈ ಕೊನೆಯ ಪದ ಮರೆಯುವ ಸಂಭವವಿಲ್ಲ.) ಎಣಿಕೆ 1ರಿಂದಲೇ ಆರಂಭ, ನಮ್ಮ ರೋಜುಕೀರ್ದಿಯ ಕ್ರಮಸಂಖ್ಯೆಯಂತೆ. ಚೌಕ ಆವರಣದಲ್ಲಿ [3] ಎಂದು ಬರೆದರೆ ಮೂರನೆಯ ಅಂಶ ದೊರೆಯುತ್ತದೆ; [-3] ಎಂದರೆ ಮೂರನೆಯದನ್ನು ಬಿಟ್ಟು ಉಳಿದವು. ಇಡೀ ಅಂಕಣಕ್ಕೆ ಒಮ್ಮೆಗೇ ಪ್ರಶ್ನೆ ಹಾಕುವ ಸೌಕರ್ಯವೂ ಉಂಟು. 50,000 ರೂಪಾಯಿ ಮೀರಿದ ಬಿಲ್ಲುಗಳು ಎಷ್ಟು, ಇ-ವೇ ಬಿಲ್ ಪರಿಶೀಲನೆ ಎಷ್ಟಕ್ಕೆ ಬೇಕು ಎಂದು ತಿಳಿಯಬೇಕಾದರೆ 'ಬಿಲ್ > 50000' ಎಂಬುದರ ಮೊತ್ತ ಕೇಳಿದರಾಯಿತು. ಹೌದು ಎಂಬುದನ್ನು 1, ಇಲ್ಲ ಎಂಬುದನ್ನು 0 ಎಂದು ಎಣಿಸಿ ಅದು ಉತ್ತರ ಕೊಡುತ್ತದೆ.

ವೆಕ್ಟರಿನ ಮುಖ್ಯ ಕಟ್ಟಳೆ ಒಂದೇ: ಅದರೊಳಗಿನದೆಲ್ಲ ಒಂದೇ ಜಾತಿಯದಾಗಿರಬೇಕು. ಕುಮಟಾ ಮಾರುಕಟ್ಟೆಯಲ್ಲಿ ಹೊಸ ಚಾಲಿ, ಹಳೆ ಚಾಲಿ, ಚಿಪ್ಪು, ಕೋಕಾ ಎಂದು ಅಡಿಕೆಯನ್ನು ಬೇರೆ ಬೇರೆ ಇಡುವುದು ನಮಗೆಲ್ಲ ತಿಳಿದದ್ದೇ. ಚಾಲಿಯ ಮೂಟೆಗೆ ಒಂದಿಷ್ಟು ಕೋಕಾ ಬೆರೆತರೆ ಖರೀದಿದಾರನು ಇಡೀ ಮೂಟೆಯನ್ನೇ ಕೆಳದರ್ಜೆಗೆ ಇಳಿಸುತ್ತಾನೆ. 'ಆರ್' ಮಾಡುವುದೂ ಇದನ್ನೇ. ನೂರು ಮೊತ್ತಗಳ ನಡುವೆ ಒಂದೆಡೆ 'ರಜೆ' ಎಂಬ ಪದವಿದ್ದರೆ ನೂರೂ ಅಂಕಿಗಳು ಅಕ್ಷರಗಳಾಗಿಬಿಡುತ್ತವೆ. ನಮ್ಮ ರೂಢಿಯಂತೆ 1,25,000 ಎಂದು ಅಲ್ಪವಿರಾಮ ಹಾಕಿದ ಅಂಕಿಯೂ ಅದಕ್ಕೆ ಅಕ್ಷರವೇ. ಆಗ 'ಸಮ್' ಕೇಳಿದರೆ ಯಂತ್ರ ದೋಷ ತೋರಿಸಿ ನಿಲ್ಲುತ್ತದೆ, ಅದು ಒಳ್ಳೆಯದೇ. ಆದರೆ 'ಮ್ಯಾಕ್ಸ್' ಕೇಳಿದರೆ ನಿಲ್ಲುವುದಿಲ್ಲ. 950, 1200, 48000 ಎಂಬ ಮೂರು ಬಿಲ್ಲುಗಳು ಅಕ್ಷರಗಳಾಗಿದ್ದರೆ ಎಲ್ಲಕ್ಕಿಂತ ದೊಡ್ಡದು 950 ಎನ್ನುತ್ತದೆ! ನಿಘಂಟಿನ ಕ್ರಮದಲ್ಲಿ 9 ಎಂಬುದು 1 ಮತ್ತು 4ರ ನಂತರ ಬರುವುದರಿಂದ ಅದರ ದೃಷ್ಟಿಯಲ್ಲಿ ಉತ್ತರ ಸರಿಯೇ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಅದು ನಮ್ಮ ಭಾಗದ ಸರಕಿಗೇ ವಿಶೇಷವಾಗಿ ತಗಲುತ್ತದೆ. ಅಕ್ಷರವಾಗಿ ಉಳಿಯಬೇಕಾದದ್ದು ಅಂಕಿಯಾಗಿಬಿಡುವುದು. ಜಿಎಸ್‌ಟಿಯ ಎಚ್‌ಎಸ್‌ಎನ್ ಸಂಕೇತಗಳನ್ನು ಗಮನಿಸಿ. ತಾಜಾ ಮೀನು 0302, ಒಣಮೀನು 0305, ಗೇರು 0801, ಅಡಿಕೆ 0802. ಮೀನು ಮೂರನೆಯ ಅಧ್ಯಾಯದಲ್ಲಿಯೂ ಗೇರು, ಅಡಿಕೆಗಳು ಎಂಟನೆಯ ಅಧ್ಯಾಯದಲ್ಲಿಯೂ ಇರುವುದರಿಂದ ಎಲ್ಲದರ ಆರಂಭವೂ ಸೊನ್ನೆಯಿಂದಲೇ. ಕಡತವನ್ನು ಓದುವಾಗ 'ಆರ್' ಇವನ್ನು ಅಂಕಿಗಳೆಂದು ಭಾವಿಸಿ ಮುಂದಿನ ಸೊನ್ನೆಯನ್ನು ಉದುರಿಸಿಬಿಡುತ್ತದೆ. ಎಕ್ಸೆಲಿನದೂ ಇದೇ ಚಾಳಿ. ಐಸ್ ಮಾರುವವರ 2201ಕ್ಕೆ ಏನೂ ಆಗುವುದಿಲ್ಲ. ಪಕ್ಕದ ಒಣಮೀನು ವ್ಯಾಪಾರಿಯ 0305 ಮಾತ್ರ 305 ಆಗುತ್ತದೆ. 2021ರ ಏಪ್ರಿಲ್ 1ರಿಂದ ವಾರ್ಷಿಕ ವಹಿವಾಟು ಐದು ಕೋಟಿ ಮೀರಿದವರು ಆರು ಅಂಕಿಯ ಸಂಕೇತ ಕೊಡಬೇಕಾಗಿದೆ. ಅಲ್ಲಿ ಗೊಂದಲ ಇನ್ನೂ ಹೆಚ್ಚು. ಸಿಪ್ಪೆ ತೆಗೆದ ಗೇರುಬೀಜದ 080132 ಎಂಬುದು 80132 ಆಗುತ್ತದೆ. ಮೊದಲ ಎರಡು ಅಂಕಿಗಳಿಂದ ಅಧ್ಯಾಯ ವಿಂಗಡಿಸುವ ಆಜ್ಞೆಯನ್ನು ಅದರ ಮೇಲೆ ಓಡಿಸಿದರೆ ನಿಮ್ಮ ಗೇರುಬೀಜ 80ನೇ ಅಧ್ಯಾಯಕ್ಕೆ, ಅಂದರೆ ತವರದ ಸಾಲಿಗೆ ಸೇರುತ್ತದೆ! ಒಣಮೀನಿನ 030559 ಎಂಬುದು 30ನೇ ಅಧ್ಯಾಯಕ್ಕೆ ಹೋಗಿ ಔಷಧಿಯಾಗುತ್ತದೆ. ಪರಿಹಾರ ಸುಲಭ: ಕಡತ ಓದುವಾಗಲೇ 'ಕಾಲ್‌ಕ್ಲಾಸಸ್' ಎಂಬ ಸೂಚನೆಯಲ್ಲಿ ಆ ಅಂಕಣವು 'ಕ್ಯಾರೆಕ್ಟರ್', ಅಂದರೆ ಅಕ್ಷರರೂಪದ್ದು ಎಂದು ಹೇಳಬೇಕು. ನನ್ನ ಅಭಿಪ್ರಾಯದಲ್ಲಿ ಕೂಡಿಸುವ ಕಳೆಯುವ ಅಗತ್ಯವಿಲ್ಲದ ಯಾವ ಸಂಖ್ಯೆಯನ್ನೂ ಅಂಕಿಯಾಗಿ ಇಡಬಾರದು. ಬಿಲ್ ನಂಬರು, ಬ್ಯಾಂಕ್ ಖಾತೆ ನಂಬರು, ದೂರವಾಣಿ ಸಂಖ್ಯೆ ಇವೂ ಈ ಮಾತಿಗೆ ಸೇರಿದವು.

ಇನ್ನು ಸೊನ್ನೆಗೂ 'ಎನ್‌ಎ' ಎಂಬುದಕ್ಕೂ ಇರುವ ವ್ಯತ್ಯಾಸ. 'ಎನ್‌ಎ' ಎಂದರೆ ಮೊತ್ತ ತಿಳಿದಿಲ್ಲ ಎಂದರ್ಥ, ಮೊತ್ತ ಇಲ್ಲವೆಂದಲ್ಲ. ನಮ್ಮ ರಾಜ್ಯದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಆ ದೋಣಿಗಳನ್ನೇ ನಂಬಿದ, ನಿಷೇಧದಲ್ಲಿ ಬಾಗಿಲು ಮುಚ್ಚುವ ಐಸ್ ಘಟಕವೊಂದನ್ನು ಊಹಿಸಿಕೊಳ್ಳಿ. ಏಪ್ರಿಲಿನಿಂದ ಮಾರ್ಚಿನವರೆಗಿನ ಮಾರಾಟ, ಸಾವಿರ ರೂಪಾಯಿಗಳಲ್ಲಿ: 420, 380, ನಂತರ ಜೂನ್ ಜುಲೈ ಖಾಲಿ, ಮುಂದೆ 310, 460, 520, 500, 450, 410, 390, 400. ಮೊತ್ತ 42 ಲಕ್ಷ 40 ಸಾವಿರ. ಖಾಲಿ ತಿಂಗಳುಗಳನ್ನು 'ಎನ್‌ಎ' ಎಂದು ಬರೆದರೆ 'ಮೀನ್' ಕೂಡ 'ಎನ್‌ಎ' ಎಂದೇ ಉತ್ತರಿಸುತ್ತದೆ. ಆಗ ಯಾರಾದರೂ ತಿಳಿಯದವುಗಳನ್ನು ಬಿಟ್ಟು ಲೆಕ್ಕ ಮಾಡು ಎಂಬ ಸೂಚನೆ ಸೇರಿಸುತ್ತಾರೆ. ಸರಾಸರಿ 424 ಬರುತ್ತದೆ. ಅದು ಹತ್ತು ತಿಂಗಳ ಸರಾಸರಿ. ಹನ್ನೆರಡು ತಿಂಗಳದು ಸುಮಾರು 353.

ಈ ವ್ಯತ್ಯಾಸದ ಬೆಲೆ ಬ್ಯಾಂಕಿನಲ್ಲಿ ತಿಳಿಯುತ್ತದೆ. ನಾಯಕ್ ಸಮಿತಿಯ ಸೂತ್ರದಂತೆ ಸಣ್ಣ ಉದ್ದಿಮೆಗಳಿಗೆ ಅಂದಾಜು ವಾರ್ಷಿಕ ವಹಿವಾಟಿನ ಶೇ. 20ರಷ್ಟನ್ನು ದುಡಿಯುವ ಬಂಡವಾಳದ ಸಾಲವಾಗಿ ಲೆಕ್ಕ ಹಾಕುವ ಪದ್ಧತಿಯಿದೆ. 424ನ್ನು ಹನ್ನೆರಡರಿಂದ ಗುಣಿಸಿ 50 ಲಕ್ಷ 88 ಸಾವಿರ ಎಂದು ಅಂದಾಜು ಕೊಟ್ಟರೆ ಸಾಲದ ಮಿತಿ 10,17,600 ರೂಪಾಯಿ. ನಿಜವಾದ ವಹಿವಾಟಿಗೆ ಅದು 8,48,000 ಮಾತ್ರ. ಹೆಚ್ಚುವರಿ 1,69,600 ರೂಪಾಯಿಯನ್ನು ಬಳಸಿದರೆ ಬಡ್ಡಿ ತೆರಬೇಕಾದ ಜೂನ್ ಜುಲೈ ತಿಂಗಳಲ್ಲಿ ಕೈಯಲ್ಲಿ ಮಾರಾಟವೇ ಇರುವುದಿಲ್ಲ. ನಿಷೇಧಾವಧಿಯ ಮಾರಾಟ ಎಷ್ಟೆಂದು ನಮಗೆ ಖಚಿತವಾಗಿ ಗೊತ್ತು. ಆದ್ದರಿಂದ ಅಲ್ಲಿ ಸೊನ್ನೆಯೇ ಸರಿ. ಗುಮಾಸ್ತರು ರಜೆಯಲ್ಲಿದ್ದು ಸೆಪ್ಟೆಂಬರಿನ ಪುಸ್ತಕ ಬರೆಯದೆ ಉಳಿದಿದ್ದರೆ ಅಲ್ಲಿ ಮಾತ್ರ 'ಎನ್‌ಎ'.

ನನ್ನ ಮಟ್ಟಿಗೆ ವೆಕ್ಟರಿನ ಅತ್ಯಂತ ಕಪಟಿ ಗುಣವೆಂದರೆ ಮರುಬಳಕೆ. ಉದ್ದದ ವೆಕ್ಟರನ್ನು ಗಿಡ್ಡ ವೆಕ್ಟರಿನಿಂದ ಗುಣಿಸಿದರೆ, ಗಿಡ್ಡದು ಮುಗಿದೊಡನೆ ಅದನ್ನು ಮತ್ತೆ ಮೊದಲಿನಿಂದ ಆರಂಭಿಸಿ 'ಆರ್' ಲೆಕ್ಕ ಮುಗಿಸುತ್ತದೆ. ಉದ್ದವು ಗಿಡ್ಡದ ಪೂರ್ಣ ಗುಣಕವಾಗಿರದಿದ್ದರೆ ಎಚ್ಚರಿಕೆ ಕೊಡುತ್ತದೆ, ಆಗಿದ್ದರೆ ಚಕಾರವೆತ್ತುವುದಿಲ್ಲ. ನಮ್ಮ ಲೆಕ್ಕದಲ್ಲಿ ತಿಂಗಳು ಹನ್ನೆರಡು, ತ್ರೈಮಾಸಿಕ ನಾಲ್ಕು. ಹನ್ನೆರಡು ನಾಲ್ಕರ ಗುಣಕವೇ. ಲಾರಿ ಲೋಡುಗಳು ಏಪ್ರಿಲಿನಿಂದ 10, 8, 0, 0, 9, 12, 14, 13, 11, 10, 9, 10 ಎಂದಿರಲಿ. ಲೋಡಿಗೆ ಬಾಡಿಗೆ ನಾಲ್ಕು ತ್ರೈಮಾಸಿಕಗಳಲ್ಲಿ ಕ್ರಮವಾಗಿ 3000, 3100, 3400, 3200 ರೂಪಾಯಿ. ನಿಜವಾದ ಬಾಡಿಗೆ 3,41,100 ರೂಪಾಯಿ. ಎರಡು ವೆಕ್ಟರುಗಳನ್ನು ನೇರವಾಗಿ ಗುಣಿಸಿದರೆ ಏಪ್ರಿಲಿಗೆ ಮೊದಲ ದರ, ಮೇ ತಿಂಗಳಿಗೆ ಎರಡನೆಯದು, ಆಗಸ್ಟಿಗೆ ಪುನಃ ಮೊದಲನೆಯದು ಎಂದು ಹಚ್ಚಿ 3,34,800 ಎನ್ನುತ್ತದೆ. 6,300 ರೂಪಾಯಿ ಕಡಿಮೆ. ದೊಡ್ಡ ತಪ್ಪಾಗಿದ್ದರೆ ಹಿರಿಯರ ಕಣ್ಣಿಗೆ ಬೀಳುತ್ತಿತ್ತು, ಇದು ಬೀಳುವುದಿಲ್ಲ. 'ರೆಪ್' ಎಂಬ ಆಜ್ಞೆಯಲ್ಲಿ 'ಈಚ್ = 3' ಎಂದು ಸೇರಿಸಿದರೆ ಪ್ರತಿ ದರವೂ ಮೂರು ಬಾರಿ ಬಂದು ಹನ್ನೆರಡಕ್ಕೆ ಹನ್ನೆರಡು ಹೊಂದುತ್ತದೆ. ಗುಣಿಸುವ ಮೊದಲು ಎರಡರ 'ಲೆಂಗ್ತ್' ಒಂದೇ ಇದೆಯೇ ಎಂದು ಮಕ್ಕಳನ್ನು ಕೇಳುವುದು ಹಿರಿಯರ ಹಕ್ಕು.

ಲಿಸ್ಟ್ ಎಂಬುದು ಮೂಟೆಯಲ್ಲ, ಕಡತದ ಕಟ್ಟು. ಒಬ್ಬ ಪಾರ್ಟಿಯ ಹೆಸರು, 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ, ಅವರ ಬಿಲ್ಲುಗಳ ವೆಕ್ಟರ್, ಉಧಾರಿ ಉಂಟೋ ಇಲ್ಲವೋ ಎಂಬ ಗುರುತು, ಎಲ್ಲವನ್ನೂ ತಮ್ಮ ತಮ್ಮ ಜಾತಿ ಕೆಡದಂತೆ ಒಂದೇ ದಾರದಲ್ಲಿ ಕಟ್ಟಿಡಬಹುದು. ಕಟ್ಟಿನೊಳಗೆ ಇನ್ನೊಂದು ಕಟ್ಟನ್ನೂ ಇಡಬಹುದು. ಇಲ್ಲಿ ಒಂಟಿ ಆವರಣ [ ] ಬಳಸಿದರೆ ಕೈಗೆ ಬರುವುದು ಲಕೋಟೆ ಸಮೇತ ಕಾಗದ; ಜೋಡಿ ಆವರಣ [[ ]] ಬಳಸಿದರೆ ಒಳಗಿನ ಕಾಗದ. ಲಕೋಟೆಯನ್ನು ಕೂಡಿಸಲು ಹೇಳಿದರೆ ದೋಷ ಬರುತ್ತದೆ. $ ಚಿಹ್ನೆಯ ಮುಂದೆ ಹೆಸರು ಬರೆದರೂ ಕಾಗದವೇ ದೊರೆಯುತ್ತದೆ. ಆದರೆ ಆ ಹೆಸರಿನ ಕಾಗುಣಿತ ತಪ್ಪಿದರೆ, ಅಂಥ ಕಾಗದವೇ ಇಲ್ಲವೆಂದು ಜಗಳ ತೆಗೆಯುವ ಬದಲು 'ನಲ್', ಅಂದರೆ ಬರಿದು ಎಂಬ ಉತ್ತರ ಬರುತ್ತದೆ. ಬರಿದರ ಮೊತ್ತ ಸೊನ್ನೆ. ವರದಿಯಲ್ಲಿ ಯಾವುದೋ ಪಾರ್ಟಿಯ ಬಾಕಿ ಸೊನ್ನೆ ಎಂದು ಕಂಡರೆ ಹಣ ಬಂತೆಂದು ಸಂತೋಷಪಡುವ ಮೊದಲು ಕಾಗುಣಿತ ನೋಡಿ. ನೂರು ಪಾರ್ಟಿಗಳ ಕಟ್ಟುಗಳಿದ್ದರೆ 'ಎಸ್‌ಅಪ್ಲೈ' ಎಂಬ ಒಂದೇ ಆಜ್ಞೆ ಪ್ರತಿ ಕಟ್ಟನ್ನೂ ಬಿಚ್ಚಿ ಮೊತ್ತ ತೆಗೆದು ಒಂದು ವೆಕ್ಟರಾಗಿ ಕೊಡುತ್ತದೆ. ಸಮಾನ ಉದ್ದದ ವೆಕ್ಟರುಗಳನ್ನು ಅಕ್ಕಪಕ್ಕ ಜೋಡಿಸಿದ ಲಿಸ್ಟಿಗೆ 'ಡೇಟಾ ಫ್ರೇಮ್' ಎಂದು ಹೆಸರು. ನಿಮ್ಮ ಖರೀದಿ ರಿಜಿಸ್ಟರು 'ಆರ್'ಗೆ ಕಾಣಿಸುವುದು ಆ ರೂಪದಲ್ಲಿಯೇ.

ಇವೆಲ್ಲವೂ ಒಟ್ಟಿಗೆ ಬೇಕಾಗುವುದು ಜಿಎಸ್‌ಟಿಆರ್-2ಬಿ ತಾಳೆ ನೋಡುವಾಗ. 2022ರ ಜನವರಿ 1ರಿಂದ ಮಾರಾಟಗಾರರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲಿಗೆ ಮಾತ್ರ ನಮಗೆ ಹೂಡುವಳಿ ತೆರಿಗೆಯ ಜಮೆ ದೊರೆಯುತ್ತದೆ. ಒಂದು ಆರ್ಥಿಕ ವರ್ಷದ ಬಿಲ್ಲಿನ ಜಮೆ ಪಡೆಯಲು ಮುಂದಿನ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು ಕೊನೆಯ ಗಡುವು. 'ಸೆಟ್‌ಡಿಫ್' ಎಂಬ ಆಜ್ಞೆಗೆ ನಮ್ಮ ರಿಜಿಸ್ಟರಿನ ಬಿಲ್ ನಂಬರುಗಳ ವೆಕ್ಟರನ್ನೂ 2ಬಿಯ ವೆಕ್ಟರನ್ನೂ ಕೊಟ್ಟರೆ ನಮ್ಮಲ್ಲಿದ್ದು ಅಲ್ಲಿಲ್ಲದವು ಹೊರಬೀಳುತ್ತವೆ. ಎರಡು ಎಚ್ಚರಿಕೆ ಅಗತ್ಯ. ಒಂದು ಕಡೆ 0047 ಎಂದೂ ಇನ್ನೊಂದು ಕಡೆ ಸೊನ್ನೆ ಉದುರಿ 47 ಎಂದೂ ಇದ್ದರೆ ಬಂದಿರುವ ಬಿಲ್ಲೂ ಬಂದಿಲ್ಲವೆಂದೇ ತೋರುತ್ತದೆ. ಇಬ್ಬರು ಮಾರಾಟಗಾರರ ಬಿಲ್ ನಂಬರು ಒಂದೇ ಆಗಿದ್ದರೆ, ಒಬ್ಬರು ತೋರಿಸದಿದ್ದರೂ ತಾಳೆಯಾಯಿತೆಂದು ಕಾಣುತ್ತದೆ. ಆದ್ದರಿಂದ 'ಪೇಸ್ಟ್' ಆಜ್ಞೆಯಿಂದ ಜಿಎಸ್‌ಟಿ ಸಂಖ್ಯೆಯನ್ನೂ ಬಿಲ್ ನಂಬರನ್ನೂ ಅಂಟಿಸಿ ಒಂದು ಮಾಡಿಕೊಂಡೇ ಹೋಲಿಸಬೇಕು. ನಂತರ ಎರಡು ವೆಕ್ಟರುಗಳ ಸ್ಥಾನ ಅದಲುಬದಲು ಮಾಡಿ ಅದೇ ಆಜ್ಞೆಯನ್ನು ಮತ್ತೊಮ್ಮೆ ಓಡಿಸಿ. ಆಗ ಬರುವುದು 2ಬಿಯಲ್ಲಿದ್ದು ನಮ್ಮ ಪುಸ್ತಕದಲ್ಲಿಲ್ಲದ ಬಿಲ್ಲುಗಳು. ಅವುಗಳಲ್ಲಿ ನಮ್ಮ ಗುಮಾಸ್ತರು ನಮೂದಿಸಲು ಮರೆತವೂ ಇರಬಹುದು, ನಮಗೆ ಸಂಬಂಧವೇ ಇಲ್ಲದವೂ ಇರಬಹುದು. ಸಂಬಂಧವಿಲ್ಲದವನ್ನು 2024ರ ಅಕ್ಟೋಬರಿನಲ್ಲಿ ಪೋರ್ಟಲಿನಲ್ಲಿ ಜಾರಿಗೆ ಬಂದ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ವ್ಯವಸ್ಥೆಯಲ್ಲಿ ತಿರಸ್ಕರಿಸಬಹುದು. ಅಲ್ಲಿ ಏನೂ ಗುರುತು ಹಾಕದೆ ಬಿಟ್ಟ ಬಿಲ್ಲನ್ನು ನಾವು ಒಪ್ಪಿಕೊಂಡಂತೆಯೇ ಪರಿಗಣಿಸಲಾಗುತ್ತದೆ.